ಆರಾಧನೆ ಮುಗಿಯುವ ತನಕ

ಸೇಡಂನ ಮಠದಲ್ಲಿ ಆರಾಧನೆ ಬಂತೆಂದರೆ ಅಡಿಗೆಯ ಹೊಣೆ ನರ್ಮದಾಳದೇ. ಆ ವರ್ಷ ಆರಾಧನೆಗೆ ಇನ್ನೂ ವಾರವಿರುವಾಗ, ಕಟ್ಟಿಗೆ ಒಟ್ಟುತ್ತಿದ್ದವಳ ಬಲಗೈ ತೋರುಬೆರಳಿಗೆ ಸಿಬಿರು ಚುಚ್ಚಿತು. ಬೆರಳ ತುದಿ ಕೆಂಪಗೆ ಊದಿ ಕೆಂಡದಂತೆ ಸುಡತೊಡಗಿತು.

"ಕೈ ಕೆಳಗ ಬಿಟ್ರ ದಬದಬ ಹೊಡಕೊಳ್ಳಿಕತ್ತದರಿ. ಕಲಬುರಗಿಗೆ ಹೋಗಿ ತೋರಿಸ್ಕೊಂಡು ಬರೋಣೇನು?" ಎಂದಳು.

ಗಂಡ ಪವಮಾನ ಆ ಮಠದ ಅರ್ಚಕ. ಚಿತ್ತಾಪುರ, ವಾಡಿಗಳಿಂದಲೂ ಭಕ್ತರು ಬರುವವರಿದ್ದರು. "ಉಗುರುಸುತ್ತು ಅಷ್ಟ. ಆರಾಧನಿ ಮುಗೀಲಿ, ತಡಿ," ಎಂದು ನಿಂಬೆಹಣ್ಣಿಗೆ ತೂತು ಮಾಡಿ ತಾನೇ ಬೆರಳಿಗೆ ತೊಡಿಸಿದ. ಅವಳು ಎಡಗೈಯಲ್ಲಿ ಸೌಟು ಹಿಡಿದು ಹುಳಿ ತಿರುವುತ್ತಿದ್ದುದನ್ನು ಕಂಡ. ಕಂಡೂ ಪೂಜೆಗೆ ಹೋದ.

ಆರಾಧನೆಯ ಕೊನೆಯ ದಿನ ಬಡಿಸುತ್ತಿದ್ದವಳು ಗಡಗಡ ನಡುಗುತ್ತ ಕಂಬಕ್ಕೆ ಒರಗಿದಳು. ಮಣಿಕಟ್ಟಿನಿಂದ ಮೊಳಕೈವರೆಗೆ ಕೆಂಪು ಗೆರೆ ಎದ್ದಿತ್ತು. ಉಟ್ಟ ಮಡಿಯಲ್ಲೇ ಪವಮಾನ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಕಲಬುರಗಿಗೆ ಧಾವಿಸಿದ.

ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅತೀಕ ಬೆರಳು ಕೊಯ್ದು ಕೀವು ತೆಗೆದರು. ಅಷ್ಟರಲ್ಲಿ ತುದಿಯ ಎಲುಬು ಸತ್ತುಹೋಗಿತ್ತು. ಮೊದಲ ಗೆಣ್ಣಿನವರೆಗೆ ಕತ್ತರಿಸಬೇಕಾಯಿತು.

"ಸಿಬರು ಹೊಕ್ಕಲ್ಲಿಗೆ ಮೈ ತಾನೇ ಹೆಚ್ಚು ರಕ್ತ ಕಳಸ್ತದ, ಆಚಾರ್ರೆ," ಎಂದರು. "ಕೆಂಪು, ಬಿಸಿ, ಬಾವು ಎಲ್ಲಾ ಅದರಿಂದನೇ. ವಾಸಿ ಮಾಡ್ಲಿಕ್ಕೇ ಬಂದದ್ದು ಅದು. ಆದ್ರ ಬೆರಳ ತುದ್ಯಾಗ ಜಾಗ ಎಲ್ಲದ? ಕೀವು ತುಂಬಿ ಒತ್ತಿದ್ರ ರಕ್ತದ ದಾರೀನೇ ಮುಚ್ಚತದ. ಮೊದಲೇ ಬಂದಿದ್ರ ಸಣ್ಣ ಗಾಯದಾಗ ಮುಗೀತಿತ್ತು. ನಂಜು ಮೈಯೆಲ್ಲಾ ಏರ್ಲಿಕತ್ತಿತ್ತು. ಜೀವ ಉಳೀತು ಅನ್ರಿ."

ನರ್ಮದಾ ಯಾರ ಮುಂದೆಯೂ ಗಂಡನನ್ನು ದೂರಲಿಲ್ಲ. ಅದೇ ಅವನನ್ನು ಒಳಗೊಳಗೇ ತಿಂದಿತು. ನೋಡಲು ಬಂದವರು "ಹೆಂಡ್ತಿ ಸೇವಾ ಭಾಳ ಮಾಡ್ಲಿಕತ್ತೀರಿ" ಎಂದರೆ ನೆಲ ನೋಡುತ್ತಿದ್ದ. ದಿನಾ ಅವಳ ಹೆರಳನ್ನೂ ತಾನೇ ಹಾಕುತ್ತಿದ್ದ.

ಮುಂದಿನ ವರ್ಷ ಅವನೇ ಮಠದವರಿಗೆ, "ಈ ಸಲ ಆಕೀ ಕೈಲೆ ಆಗೂದಿಲ್ಲ, ಬ್ಯಾರೆಯವರನ್ನ ನೋಡ್ರಿ" ಎಂದು ಹೇಳಿ ಬಂದ. ಮಾಡಿದ ಪಾಪದ ಭಾರ ತುಸು ಇಳಿದಂತೆನಿಸಿತು.

ಅದನ್ನು ಕೇಳಿ ನರ್ಮದಾ ಪಲ್ಲೆ ಹೆಚ್ಚುವುದನ್ನು ನಿಲ್ಲಿಸಿದಳು. "ಆವತ್ತು ತಡಿ ಅಂತ ನೀವೇ ಹೇಳಿದ್ರಿ. ಇವತ್ತು ಆಗೂದಿಲ್ಲ ಅಂತನೂ ನೀವೇ ಹೇಳಿ ಬಂದ್ರಿ. ನನ್ನನ್ನ ಕೇಳೋದು ಯಾವಾಗ?"

"ತಪ್ಪಾತು ನರ್ಮದಾ. ಎರಡೂ ಸಲ ತಪ್ಪಾತು."

ಅವಳು ಮತ್ತೆ ಈಳಿಗೆಯತ್ತ ಬಾಗಿದಳು. ಪವಮಾನ ಮಧ್ಯಾಹ್ನದ ಬಿಸಿಲಲ್ಲೇ ಮಠಕ್ಕೆ ಮರಳಿದ. "ಅಡಿಗಿ ಮಾತು ಆಕೀನ್ನೇ ಕೇಳ್ರಿ," ಎಂದ. "ನಾ ಹೇಳಿದ್ದು ಬಿಟ್ಟಬಿಡ್ರಿ."