ಕಿತ್ತಳೆ ಪಟ್ಟಿಯ ಆಚೆಗಿನ ಕತೆ

ಈಗಿನ ಕಾಲದ ಕಾದಂಬರಿಕಾರರಿಗೆ ಕತೆ ಮುಗಿಸಲು ಬರುವುದಿಲ್ಲ ಎಂಬುದು ಸಂಕ್ರಾಂತಿ ಹತ್ತಿರವಾಗುವಷ್ಟರಲ್ಲಿ ದ್ರೌಪದಮ್ಮನಿಗೆ ಖಾತ್ರಿಯಾಗಿತ್ತು. ಒಂದೆರಡು ಪುಸ್ತಕ ನೋಡಿ ಆಡಿದ ಮಾತಲ್ಲ, ಹದಿನೇಳು ಓದಿ ಬಂದ ತೀರ್ಮಾನ. ರಾಜ ಕುದುರೆ ಹತ್ತಿದನೆಂದರೆ ಅಲ್ಲಿಗೆ ಪುಸ್ತಕ ಮುಗಿಯಿತು. ಎಲ್ಲಿಗೆ ಹೋದ, ಹೋದವನು ಬಂದನೋ ಇಲ್ಲವೋ, ಕೇಳುವಂತಿಲ್ಲ. ಇನ್ನೊಂದರಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆಗೆ ಇನ್ನೂ ಕೈ ಹಾಕಿರಲಿಲ್ಲ, ಆಗಲೇ ಮುಕ್ತಾಯ. ಮಿಕ್ಕಿದ್ದನ್ನು ಓದುವವರೇ ಊಹಿಸಿಕೊಳ್ಳಲಿ ಅಂತ ಇರಬೇಕು, ಏನೋ ಹೊಸ ಫ್ಯಾಷನ್ನು ಎಂದುಕೊಂಡು ಆಕೆ ಸುಮ್ಮನಾಗಿದ್ದಳು.

ಅರವತ್ತಕ್ಕೆ ಎರಡು ವರ್ಷ ಕಮ್ಮಿಯಿದ್ದ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದ್ರೌಪದಮ್ಮನ ಕೈಗೆ ಟ್ಯಾಬ್ ಬಂದದ್ದು ಸೊಸೆ ವನಿತಾಳಿಂದ. ಹೆಬ್ಬಾಳದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ವನಿತಾ, ತನಗೆ ಹೊಸದು ಕೊಂಡ ದಿನ ಹಳೆಯದನ್ನು ಅತ್ತೆಗೆ ಕೊಟ್ಟು, ಕನ್ನಡ ಪುಸ್ತಕಗಳ ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದಳು. ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸುವುದನ್ನೂ ಕಲಿಸಿದ್ದಳು. ಸಾಸಿವೆಯಷ್ಟಿದ್ದ ಅಕ್ಷರ ಅವರೆಕಾಳಿನಷ್ಟು ದಪ್ಪವಾದದ್ದನ್ನು ಕಂಡಾಗ ದ್ರೌಪದಮ್ಮನಿಗಾದ ಸಂತೋಷ ಅಷ್ಟಿಷ್ಟಲ್ಲ. ಕಣ್ಣಿಗೆ ಪೊರೆ ಬಂದಾಗಿನಿಂದ ಆಕೆ ಪುಸ್ತಕದ ಆಸೆಯನ್ನೇ ಬಿಟ್ಟಿದ್ದಳು. ಕೊಡುವಾಗ ವನಿತಾ ಒಂದು ಎಚ್ಚರಿಕೆಯನ್ನೂ ಹೇಳಿದ್ದಳು.

“ಅತ್ತೆ, ಇಂಗ್ಲಿಷಲ್ಲಿ ಬಣ್ಣದ ಪಟ್ಟಿ ಏನಾದ್ರೂ ಬಂತು ಅಂದ್ರೆ ಮುಟ್ಲೇಬೇಡಿ. ಎಲ್ಲಾ ಕಳ್ಳರದ್ದೇ. ಬ್ಯಾಂಕಲ್ಲಿರೋದನ್ನ ಪೂರ್ತಿ ಗುಡಿಸ್ಕೊಂಡು ಹೋಗ್ತಾರೆ.”

ಸೊಸೆಯ ಆ ಮಾತನ್ನು ದ್ರೌಪದಮ್ಮ ಏಕಾದಶಿ ಉಪವಾಸಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಿದಳು. ಪ್ರತಿ ಪುಸ್ತಕದ ಕೊನೆಯಲ್ಲೂ ಒಂದು ಕಿತ್ತಳೆ ಬಣ್ಣದ ಪಟ್ಟಿ, ಅದರೊಳಗೆ ನಾಲ್ಕು ಇಂಗ್ಲಿಷ್ ಪದ. ಕಳ್ಳರು ಇಲ್ಲಿಗೂ ಬಂದರಲ್ಲ ಎಂದು ಬೈದುಕೊಂಡು ಆಕೆ ತಕ್ಷಣ ಮುಚ್ಚಿಬಿಡುತ್ತಿದ್ದಳು.

ಅರ್ಧಂಬರ್ಧ ಓದು ತನ್ನಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಆದರೆ ಅದು ಅವರೆಕಾಯಿ ಕಾಲ. ಕೊಡಿಗೇಹಳ್ಳಿಯ ಆ ಬೀದಿಯಲ್ಲಿ ಜಗಲಿ ಉಳಿಸಿಕೊಂಡಿದ್ದ ಮನೆ ದ್ರೌಪದಮ್ಮನದೊಂದೇ; ಎಡಬಲದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳೆದ್ದು ಜಗಲಿಗೆ ದಿನವಿಡೀ ತಂಪು ನೆರಳು. ಯಲಹಂಕದ ಕಾಂಡಿಮೆಂಟ್ಸ್ ಅಂಗಡಿಯವನು ನೆನೆಸಿದ ಅವರೆಕಾಳನ್ನು ಬಕೆಟ್ಟುಗಟ್ಟಲೆ ತಂದಿಳಿಸುತ್ತಿದ್ದ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕೈದು ಹೆಂಗಸರು ಸುತ್ತ ಕೂತು ಕೂಲಿಗೆ ಒಂದೊಂದೇ ಕಾಳನ್ನು ಹಿತಕುವುದು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಆ ಕೆಲಸಕ್ಕೆ ಬೆರಳು ಸಾಕು, ಕಿವಿ ಖಾಲಿಯಾಗೇ ಇರುತ್ತದೆ. ಆ ಖಾಲಿ ಕಿವಿಗಳಿಗೆ ದ್ರೌಪದಮ್ಮ ತಾನು ಓದಿದ್ದನ್ನು ಹೇಳತೊಡಗಿದಳು.

ಮೊದಲನೆಯದು ಕೋಟೆಯ ಕಾದಂಬರಿ. ಸಣ್ಣದೊಂದು ಪಾಳೆಯಪಟ್ಟು. ಶತ್ರುಸೈನ್ಯ ಮುತ್ತಿಗೆ ಹಾಕಿದೆ. ಕೋಟೆಯೊಳಗಿನ ಕೆರೆಯಿಂದ ನೀರು ಹೊರುವ ಚೆಲುವಿಗೆ ಮಾತ್ರ ಗೊತ್ತಿರುವ ಒಂದು ಪುಟ್ಟ ಬಾಗಿಲಿದೆ, ಕೆರೆಯ ಕಾಲುವೆ ಹೊರಕ್ಕೆ ಹರಿಯುವ ಜಾಗದಲ್ಲಿ. ಶತ್ರುಗಳ ದಂಡನಾಯಕ ಅವಳ ಅಪ್ಪನನ್ನು ಹಿಡಿದಿಟ್ಟುಕೊಂಡು, ಅಮಾವಾಸ್ಯೆಯೊಳಗೆ ಬಾಗಿಲು ತೆಗೆ, ಇಲ್ಲವಾದರೆ ಅಪ್ಪನ ತಲೆ ಉಳಿಯದು ಎನ್ನುತ್ತಾನೆ. ಅಲ್ಲಿಗೆ ಕಿತ್ತಳೆ ಪಟ್ಟಿ.

“ಆಮ್ಯಾಕೆ?” ಎಂದಳು ದೊಡ್ಡಮುನಿಯಮ್ಮ. ಎಪ್ಪತ್ತೈದು ದಾಟಿದ ಆ ಮುದುಕಿ ಊರಿಗೇ ಹಿರಿಯಳು.

“ಅಷ್ಟೇ ದೊಡ್ಡಮ್ಮ. ಅಲ್ಲಿಗೆ ಬಿಟ್ಟಿದಾರೆ.”

“ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗೆ ಮಾತಾಡ್ಬ್ಯಾಡ. ಆ ಮಗಾ ಬಾಗ್ಲು ತೆಗುದ್ಲೋ ಇಲ್ವೋ, ನೆಟ್ಟಗೆ ಏಳು.”

ಎಲ್ಲರ ಬೆರಳೂ ನಿಂತುಹೋಗಿದ್ದವು. ದ್ರೌಪದಮ್ಮನ ಪಕ್ಕದಲ್ಲಿ ಕೂತಿದ್ದ ಜಬೀನ್ ಕೈಯಲ್ಲಿದ್ದ ಕಾಳನ್ನು ಹಿತಕದೆ ಹಾಗೇ ಹಿಡಿದುಕೊಂಡಿದ್ದಳು. ಜೀವಮಾನದಲ್ಲಿ ಯಾರೂ ತನ್ನ ಬಾಯನ್ನೇ ನೋಡುತ್ತಾ ಹೀಗೆ ಕಾದಿದ್ದು ದ್ರೌಪದಮ್ಮನಿಗೆ ನೆನಪಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ತಣಿಸಂದ್ರದ ಕಡೆಯ ಆಕೆಯ ತವರಿನಲ್ಲಿ ಅಪ್ಪ ಕೆರೆಯ ನೀರುಗಂಟಿಯಾಗಿದ್ದವನು. ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ತೂಬಿನ ಬುಡದಲ್ಲಿ ಕೂತು ಬೆಳೆದ ಹುಡುಗಿಗೆ ತಕ್ಷಣ ಹೊಳೆದದ್ದೂ ಅದೇ.

“ತೆಗೀತಾಳೆ,” ಎಂದಳು. “ಆದ್ರೆ ಮೊದ್ಲು ಕೆರೆ ತೂಬು ಎತ್ತಿ, ಆಮೇಲೆ ಬಾಗ್ಲು. ಕಾಲುವೆ ಆ ಬಾಗ್ಲಲ್ಲೇ ತಾನೆ ಆಚೆ ಹೋಗೋದು? ಶತ್ರುಗಳು ಕತ್ಲಲ್ಲಿ ಒಳಗೆ ನುಗ್ಗೋಕೆ ಆಚೆ ಕಾಲುವೆಲಿ ಸಾಲಾಗಿ ನಿಂತಿದ್ರಲ್ಲ, ಇಡೀ ಸೈನ್ಯಾನೇ ಕೊಚ್ಕೊಂಡು ಹೋಯ್ತು. ದಂಡನಾಯಕ ಮೂರು ಮೈಲಿ ಆಚೆ ಕೆಸರಲ್ಲಿ ಸಿಕ್ಕಿದ.”

“ಅಪ್ಪ?” ಎಂದು ಜಬೀನ್ ಕೇಳಿದಳು.

“ಅವ್ನು ಈಜು ಬಲ್ಲೋನು. ತೇಲ್ಕೊಂಡು ಮನೆಗೇ ಬಂದ.”

ಜಗಲಿಯಲ್ಲಿ ಎದ್ದ ನಗೆಗೆ ಎದುರು ಮನೆಯ ಮೂರನೇ ಮಹಡಿಯವರು ಇಣುಕಿ ನೋಡಿದರು. ಅಂದಿನಿಂದ ಹೆಂಗಸರು ಅರ್ಧ ಗಂಟೆ ಮೊದಲೇ ಬರತೊಡಗಿದರು. ದ್ರೌಪದಮ್ಮ ದಿನ ಬಿಟ್ಟು ದಿನ ಹೊಸ ಪುಸ್ತಕ ಓದುವಳು, ಪಟ್ಟಿ ಬಂದಲ್ಲಿಂದ ಮುಂದಕ್ಕೆ ತಾನೇ ಕಟ್ಟುವಳು. ರಾಜನನ್ನು ಕುದುರೆಯಿಂದ ಇಳಿಸಿದಳು, ಉಪ್ಪಿಟ್ಟು ತಿಂದವರಿಗೆ ಮದುವೆ ಮಾಡಿಸಿದಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಆಕೆಗೆ ಇರಲಿಲ್ಲ. ಬರೆದವರು ಬಿಟ್ಟದ್ದನ್ನು ತಾನು ತುಂಬುತ್ತಿದ್ದೇನೆ, ಅಷ್ಟೇ ತಾನೆ?

ಸಂಕ್ರಾಂತಿಯ ಹಿಂದಿನ ಶನಿವಾರ ಜಬೀನ್ ಒಂದು ಸುದ್ದಿ ತಂದಳು. ಅವಳ ತಮ್ಮ ಆತಿಫ್ ಗಂಗಾನಗರದ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಕೋಟೆಯ ಕತೆಯನ್ನು ಅವಳು ಅವನಿಗೆ ಹೇಳಿದ್ದಾಳೆ, ತೂಬಿನ ಜಾಗಕ್ಕೆ ಬಂದಾಗ ಅವನು ಚಪ್ಪಾಳೆ ತಟ್ಟಿದ್ದಾನೆ.

“ಅವ್ನಿಗೆ ಗೊತ್ತಿಲ್ದೇ ಇರೋ ಪುಸ್ತಕ ನಂಗೆ ಗೊತ್ತಿತ್ತು ಅಕ್ಕ!” ಜಬೀನಳ ಮುಖ ಅರಳಿತ್ತು. “ಚಿಕ್ಕೋನಿದ್ದಾಗಿಂದ ಅವ್ನೇ ನಂಗೆ ಪಾಠ ಹೇಳೋನು. ಮೊದಲ್ನೇ ಸಲ ಅವ್ನು ನನ್ನ ಕೇಳಿದಾನೆ. ಮಕ್ಕಳಿಗೆ ಹೇಳ್ಬೇಕಂತೆ. ನಿಮ್ ಪುಸ್ತಕಾನ ನನ್ನ ಫೋನಿಗೆ ಹಾಕ್ಕೊಡ್ತೀರಾ?”

ಹೇಗೆ ಹಾಕಿಕೊಡುವುದೆಂದು ಕೇಳಲು ಭಾನುವಾರ ಬೆಳಿಗ್ಗೆ ದ್ರೌಪದಮ್ಮ ಟ್ಯಾಬನ್ನು ಸೊಸೆಯ ಮುಂದಿಟ್ಟಳು. ವನಿತಾ ಕೊನೆಯ ಪುಟಕ್ಕೆ ಬಂದು, ಪಟ್ಟಿಯನ್ನು ನೋಡಿ, ಅತ್ತೆಯ ಮುಖ ನೋಡಿದಳು.

“ಅತ್ತೆ, ಇದು ಸ್ಯಾಂಪಲ್ಲು. ಮೂರೇ ಅಧ್ಯಾಯ. ಇನ್ನೂ ಇಪ್ಪತ್ಮೂರು ಇದಾವೆ.”

“ಎಲ್ಲಿದಾವೆ?”

“ಈ ಪಟ್ಟಿ ಒತ್ತಿದ್ರೆ ಬರುತ್ತೆ. ಇದು ಕಳ್ಳರದ್ದಲ್ಲ, ಅಂಗಡಿಯವರದ್ದು. ನಲವತ್ತೊಂಬತ್ತು ರೂಪಾಯಿ.”

“ತಿಂಗ್ಳಿಗಾ?”

“ಇಡೀ ಪುಸ್ತಕಕ್ಕೆ ಅತ್ತೆ. ಒಂದ್ಸಲ ಕೊಟ್ರೆ ನಿಮ್ದೇ.”

ಹಬ್ಬದ ಮುಂದೆ ಒಂದು ಮೊಳ ಮಲ್ಲಿಗೆ ಬಾರದ ದುಡ್ಡಿಗೆ ಇಪ್ಪತ್ಮೂರು ಅಧ್ಯಾಯ! ದ್ರೌಪದಮ್ಮ ಒಂದೊಂದೇ ಪುಸ್ತಕ ತೆರೆಸಿ ನೋಡಿದಳು. ಒಂದು ಮೂವತ್ತು ರೂಪಾಯಿ, ಒಂದು ಅರವತ್ತು, ಇನ್ನೊಂದು ಬರೀ ಇಪ್ಪತ್ತೈದು. ಹದಿನೇಳಕ್ಕೂ ಮುಂದಿನ ಭಾಗವಿತ್ತು. ರಾಜ ಎಲ್ಲಿಗೆ ಹೋದನೆಂಬುದು ಅಚ್ಚುಕಟ್ಟಾಗಿ ಬರೆದಿಟ್ಟು ತನಗಾಗಿಯೇ ಕಾದಿತ್ತು. ಖುಷಿಯಿಂದ ಆಕೆ ಸೊಸೆಯ ಕೆನ್ನೆ ಹಿಂಡಿಬಿಟ್ಟಳು. ಹಿಂಡಿದ ಕೈ ಕೆನ್ನೆಯ ಮೇಲೆಯೇ ನಿಂತಿತು. ಹಾಗಾದರೆ ತಾನು ಜಗಲಿಯಲ್ಲಿ ಹೇಳಿದ್ದೆಲ್ಲ? ಹದಿನೇಳೂ ಸುಳ್ಳೇ?

ವನಿತಾ ಕೋಟೆಯ ಕಾದಂಬರಿಯ ಪಟ್ಟಿ ಒತ್ತಿ ದುಡ್ಡು ಕಟ್ಟಿದಳು, ಪೂರ್ತಿ ಪುಸ್ತಕ ತೆರೆಯಿತು. ಅಂದು ದ್ರೌಪದಮ್ಮ ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಚೆಲುವಿ ಕೋಟೆಯೊಳಗಿನ ಸಂತೆಯಲ್ಲಿ ಕುದುರೆ ವ್ಯಾಪಾರಿಯೊಬ್ಬನ ಬಾಯಿ ಮುಚ್ಚಿಸಿದ್ದು, ರಾಣಿಯ ಜೊತೆ ಚೌಕಾಬಾರ ಆಡಿ ಸೋಲಿಸಿದ್ದು, ಎಂಥೆಂಥ ಸೊಗಸು! ಇಂಥದ್ದನ್ನು ತನ್ನ ಕೈಲಿ ಕಟ್ಟಲಾಗುತ್ತಿರಲಿಲ್ಲ ಎಂದು ಆಕೆ ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಆದರೆ ಕೊನೆಯ ಅಧ್ಯಾಯದಲ್ಲಿ ಅಮಾವಾಸ್ಯೆ ಬಂತು. ಚೆಲುವಿ ಬಾಗಿಲು ತೆಗೆಯಲಿಲ್ಲ. ಕೋಟೆಯ ಗೋಡೆ ಹತ್ತಿ ಕೆಳಕ್ಕೆ ಹಾರಿಕೊಂಡಳು. ರಾಜ ಅವಳಿಗೊಂದು ಕಲ್ಲು ನಿಲ್ಲಿಸಿದ. ದ್ರೌಪದಮ್ಮ ಸೆರಗು ಒದ್ದೆಯಾಗುವಷ್ಟು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ನೆತ್ತಿಗೇರಿತು. “ಕೆರೆ ಪಕ್ಕದಲ್ಲೇ ಇತ್ತಲ್ಲೇ ವನಿತಾ! ಎರಡನೇ ಅಧ್ಯಾಯದಲ್ಲಿ ಇವ್ನೇ ಬರ್ದಿದಾನೆ!”

ಸಿಟ್ಟು ಇಳಿದಾಗ ಉಳಿದದ್ದು ಹೆದರಿಕೆ. ಆತಿಫ್ ಪುಸ್ತಕ ಓದುತ್ತಾನೆ. ತೂಬೂ ಇಲ್ಲ, ಪ್ರವಾಹವೂ ಇಲ್ಲ. ಮೊದಲ ಸಲ ತಮ್ಮನೆದುರು ತಲೆಯೆತ್ತಿದ ಜಬೀನ್ ನಗೆಪಾಟಲಾಗುತ್ತಾಳೆ. ಪುಸ್ತಕ ಕಳೆದುಹೋಯಿತು ಎಂದರೆ? ಹೆಸರು ಮರೆತೆ ಎಂದರೆ? ಯಾವ ಸುಳ್ಳೂ ಒಂದು ವಾರಕ್ಕಿಂತ ಹೆಚ್ಚು ಬಾಳುವಂತೆ ಕಾಣಲಿಲ್ಲ. ನಿಜ ಹೇಳಿದರೆ ಜಗಲಿಗೆ ನಾಳೆಯಿಂದ ಯಾರೂ ಮುಂಚೆ ಬರುವುದಿಲ್ಲ.

ಸೋಮವಾರ ಜಬೀನ್ ಫೋನ್ ಹಿಡಿದುಕೊಂಡೇ ಬಂದಳು. ಅವಳು ಕೇಳುವ ಮೊದಲೇ ದ್ರೌಪದಮ್ಮ ಬಾಯಿಬಿಟ್ಟಳು. ಪಟ್ಟಿಯ ವಿಷಯ, ಕಳ್ಳರ ವಿಷಯ, ಮೂರೇ ಅಧ್ಯಾಯದ ವಿಷಯ, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದಳು. ಆಮೇಲೆ ಟ್ಯಾಬ್ ತೆಗೆದು ಚೆಲುವಿ ಸಾಯುವ ಪುಟವನ್ನು ಗಟ್ಟಿಯಾಗಿ ಓದಿದಳು.

“ತೂಬು ಪುಸ್ತಕದಲ್ಲಿ ಇಲ್ಲ ಜಬೀನ್. ಅದು ನಾನು ಕಟ್ಟಿದ್ದು. ನಿನ್ ತಮ್ಮನ ಮುಂದೆ ನಿಂಗೆ ಅವಮಾನ ಆಗೋ ಹಂಗೆ ಮಾಡ್ಬಿಟ್ಟೆ. ತಪ್ಪಾಯ್ತು.”

ದೊಡ್ಡಮುನಿಯಮ್ಮ ಕಣ್ಣೊರೆಸಿಕೊಂಡಳು.

“ಅದಿನೇಳನ್ನೂ ನೀನೇ ಕಟ್ಟಿದ್ದೇನೇ?”

“ಹೂಂ ದೊಡ್ಡಮ್ಮ.”

“ನಮ್ಮಪ್ಪನಾಣೆ, ನಾನು ಯಾರೋ ದೊಡ್ಡ ಓದ್ದೋರು ಬರುದವ್ರೆ ಅಂದ್ಕಂಡಿದ್ದೆ,” ಎಂದಳು ಮುದುಕಿ. “ಆ ಬರ್ದೋನು ನೀರು ಕಂಡೋನಲ್ಲ ಬುಡು. ನೀರು ಓರೋ ಎಂಗ್ಸು ಅಂಗೆಲ್ಲ ಆರ್ಕೊಳಾಕಿಲ್ಲ.”

ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಸೇರಿದಳು. ದ್ರೌಪದಮ್ಮ ಮಾತ್ರ ಜಬೀನಳ ಮುಖವನ್ನೇ ನೋಡುತ್ತಿದ್ದಳು. ಅವಳು ನಗುತ್ತಿರಲಿಲ್ಲ.

“ಪುಸ್ತಕದ ಹೆಸ್ರು ಹೇಳಿ ಅಕ್ಕ,” ಎಂದಳು ಜಬೀನ್.

ದ್ರೌಪದಮ್ಮ ಹೇಳಿದಳು. ಜಬೀನ್ ಎದ್ದು ನಿಂತು ಫೋನನ್ನು ಬಾಯಿಯ ಹತ್ತಿರ ಹಿಡಿದು, ತಮ್ಮನಿಗೆ ವಾಯ್ಸ್ ಮೆಸೇಜಿನಲ್ಲಿ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದಳು. ಆಮೇಲೆ ಮೇಷ್ಟ್ರಿಗೇ ಪಾಠ ಹೇಳುವ ಗತ್ತಿನಲ್ಲಿ ಮುಂದುವರಿಸಿದಳು.

“ನಲವತ್ತೊಂಬತ್ತೇ ರೂಪಾಯಿ, ತಗೊಂಡು ಓದು. ಚೆನ್ನಾಗಿದೆಯಂತೆ. ಆದ್ರೆ ಕೊನೇ ಅಧ್ಯಾಯ ಮಾತ್ರ ಓದ್ಬೇಡ ಕಣೋ. ಅದಕ್ಕೆ ಕೊಡಿಗೇಹಳ್ಳಿಗೇ ಬರ್ಬೇಕು. ನಿನ್ನ ಶಾಲೆ ಮಕ್ಕಳನ್ನೂ ಕರ್ಕೊಂಡು ಬಾ. ತೂಬಿನ ಕತೆ ಕಟ್ಟಿದೋರು ಇಲ್ಲೇ ನನ್ನ ಮುಂದೆ ಕೂತಿದಾರೆ.”

ಮೆಸೇಜು ಹೋಯಿತು. ದ್ರೌಪದಮ್ಮನಿಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯುವ ಗೋಜಿಗೆ ಹೋಗದೆ ಆಕೆ ಸ್ವಲ್ಪ ಜರುಗಿ ಜಬೀನಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.