ಅತ್ತೆ ಗಂಟಲು

ನಾನು ಸ್ಟೋರ್‌ಕೀಪರ್. ಸೇವೆ ಮುಗಿಸಿದ ಡೆಸ್ಟ್ರಾಯರ್ ಹಡಗುಗಳ ಬಿಡಿಭಾಗ ಕಾಯುವವಳು. ಒಂದೇ ಅಚ್ಚಿನ ನಾಲ್ಕು ಯುದ್ಧನೌಕೆ. ಒಂದರ ವಾಲ್ವ್ ಇನ್ನೊಂದಕ್ಕೆ ಕಣ್ಣು ಮುಚ್ಚಿಕೊಂಡು ಹಾಕಬಹುದಿತ್ತು. ಮೂರನ್ನು ಒಡೆದು ಗುಜರಿಗೆ ಹಾಕಿಯಾಗಿತ್ತು. ಕೊನೆಯದು ಮ್ಯೂಸಿಯಂ ಆಗುತ್ತಿತ್ತು. ಅವತ್ತೇ ಹನ್ನೊಂದಕ್ಕೆ ಉದ್ಘಾಟನೆ, ಹಾರ್ನ್ ಕೂಗಿಸಿಯೇ ಶುರು.

ಆ ಕೂಗಿಗೆ ಕಾಯುತ್ತಿದ್ದವರು ನಮ್ಮಪ್ಪ. ಅದೇ ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಕಿವಿ ಕಳಕೊಂಡವರು. ನಾನೆಷ್ಟು ಅರಚಿದರೂ ಕೇಳಿಸದು, ಸ್ಲೇಟಿನಲ್ಲಿ ಬರೆದೇ ಮಾತು. ದಪ್ಪ ಸದ್ದು ಮಾತ್ರ ಚೂರುಪಾರು ದಕ್ಕುತ್ತಿತ್ತು, ಅದೂ ಹೆಚ್ಚು ದಿನ ಇರೋದಿಲ್ಲ ಅಂತ ಡಾಕ್ಟರು ಹೇಳಿದ್ದರು. "ಕಿವಿ ಪೂರ್ತಿ ಮುಚ್ಚೋದ್ರೊಳಗೆ ಆ ಕೂಗು ಒಂದ್ಸಲ ಕೇಳ್ಬೇಕು ಕಣೇ," ಅಂದಿದ್ದರು ಅಪ್ಪ.

ಒಂಬತ್ತೂವರೆಗೆ ಹಡಗಿನ ಮೆಕ್ಯಾನಿಕ್ ಏದುಸಿರು ಬಿಡುತ್ತ ಬಂದ. ಹಾರ್ನ್ ಒಳಗೆ ಅದುರಿ ಸದ್ದು ಮಾಡುವ ಉಕ್ಕಿನ ಬಿಲ್ಲೆ, ಡಯಾಫ್ರಮ್, ಸೀಳಿಹೋಗಿದೆಯಂತೆ. ಪಟ್ಟಿ ತೆಗೆದೆ. ಡಯಾಫ್ರಮ್: ಸೊನ್ನೆ. ಮತ್ತೊಮ್ಮೆ ಬೆರಳಿಟ್ಟು ನೋಡಿದೆ, ಸೊನ್ನೆಯೇ. ನನ್ನ ಪಟ್ಟಿ ತಪ್ಪಾಗೋದೇ ಇಲ್ಲ ಅಂತ ಎಲ್ಲರೆದುರು ಜಂಬ ಕೊಚ್ಚಿಕೊಂಡವಳು ನಾನು, ಅದು ಮನಸ್ಸಿಗೆ ಬಂತು.

ಸ್ಟೋರ್ ಬಾಗಿಲ ಹತ್ತಿರ ಇಸ್ತ್ರಿ ಶರ್ಟು ಹಾಕಿಕೊಂಡು ತಯಾರಾಗಿ ಕೂತಿದ್ದರು ಅಪ್ಪ. ಸ್ಲೇಟಿನಲ್ಲಿ ವಿಷಯ ಬರೆದು ತೋರಿಸಿದೆ. ಓದಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಡಯಾಫ್ರಮ್ ಅಂತ ಹುಡುಕಿದ್ರೆ ಎಲ್ಲಿ ಸಿಗುತ್ತೆ? ನಾವು ಅದಕ್ಕೆ ಅತ್ತೆ ಗಂಟಲು ಅಂತಿದ್ವಿ. ಡಬ್ಬಿ ಮೇಲೂ ಹಾಗೇ ಬರೀತಿದ್ವಿ."

ಹಿಂದಿನ ದಿನ ತಾನೇ ಆ ಹೆಸರಿನ ಡಬ್ಬಿ ಕೈಗೆ ಸಿಕ್ಕಿತ್ತು. ನಂಬರಿಲ್ಲ, ಏನಿಲ್ಲ. ಯಾವನೋ ತಲೆಹರಟೆ ಮಾಡಿದ್ದಾನೆ ಅಂತ ಬೈದು, ತೆರೆದೂ ನೋಡದೆ ಗುಜರಿ ರಾಶಿಗೆ ಎಸೆದಿದ್ದೆ. ಆ ರಾಶಿ ಈಗ ಲಾರಿಯಲ್ಲಿತ್ತು, ಲಾರಿ ಗೇಟಿನಲ್ಲಿತ್ತು.

ಓಡಿದೆ ನೋಡಿ! ಲಾರಿ ಮುಂದೆ ಕೈ ಅಗಲಿಸಿ ನಿಂತೆ. ಡ್ರೈವರ್ ಬಾಯಿಗೆ ಬಂದಂತೆ ಬೈದ, ನಾನೇನು ಕಮ್ಮಿ ಬೈಯಲಿಲ್ಲ. ಚಪ್ಪಲಿ ಬಿಟ್ಟು ಮೇಲೆ ಹತ್ತಿ ಪೈಪು ಎಳೆದೆ, ತಗಡು ಸರಿಸಿದೆ, ಮೊಣಕೈ ತರಚಿಕೊಂಡೆ. ಸಿಕ್ಕೇಬಿಟ್ಟಿತು! ಮೇಣದ ಕಾಗದದಲ್ಲಿ ಸುತ್ತಿದ ಬಿಲ್ಲೆ, ಒಂದು ಗೀರಿಲ್ಲ. ಮೆಕ್ಯಾನಿಕ್‌ಗೆ ಓಡಿಹೋಗಿ ಕೊಟ್ಟೆ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಕೆಲಸ ಮುಗಿಯಿತು. ನಾನು ದಡದಲ್ಲಿ ಅಪ್ಪನ ಪಕ್ಕ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಹಡಗು ಕೂಗಿತು. ಜನರೆಲ್ಲ ಕಿವಿ ಮುಚ್ಚಿಕೊಂಡರು. ಅಪ್ಪ ಮಿಸುಕಲಿಲ್ಲ. ಎಲ್ಲ ಮುಗಿಯಿತು, ಇವರಿಗೆ ಕೇಳಿಸಲಿಲ್ಲ ಅಂದುಕೊಂಡೆ. ನನಗೆ ಅಳು ಉಕ್ಕಿ ಬಂತು.

ಅಪ್ಪ ಹುಬ್ಬು ಗಂಟಿಕ್ಕಿಕೊಂಡು ನನ್ನ ಕಡೆ ತಿರುಗಿದರು.

"ಕೊನೇಲಿ ದನಿ ಒಡೀತಿದೆ. ಬೋಲ್ಟು ಇನ್ನರ್ಧ ಸುತ್ತು ಬಿಗಿ ಮಾಡೋಕೆ ಹೇಳು, ಹೋಗು."