ಬೀಗಿತ್ತಿಯರು ತಂದ ಸಬ್‌ವೂಫರ್

ಮಗಳಿಗೂ ಅಳಿಯನಿಗೂ ಮದುವೆಯಾಗಿ ವರ್ಷ ತುಂಬುತ್ತ ಬಂದಿತ್ತು. ಆ ಒಂದು ವರ್ಷದಲ್ಲಿ ಅವರು ಮನಸ್ಸಿಟ್ಟು ಜಗಳವಾಡಿದ್ದು ಒಂದೇ ವಿಷಯಕ್ಕೆ, ಅದೂ ಬಿಟ್ಟೂ ಬಿಡದೆ ನಾಲ್ಕು ವಾರ. ಮನೆಯ ದೊಡ್ಡ ಟಿವಿಯ ಸುತ್ತ ಐದು ಸ್ಪೀಕರ್ ಕೂರಿಸಿ ಆಗಿತ್ತು. ಇನ್ನು ಬೇಕಾಗಿದ್ದದ್ದು ತಗ್ಗು ದನಿಯ ಗುಡುಗನ್ನು ಹೊರಡಿಸುವ ಸಬ್‌ವೂಫರ್ ಒಂದೇ. ಅಳಿಯನಿಗೆ ಅದು ಬೀರುವಿನಷ್ಟು ದೊಡ್ಡದಿರಬೇಕು. ಮಗಳಿಗೆ ಅದು ಕಣ್ಣಿಗೇ ಬೀಳಬಾರದು. ಬೆಳಿಗ್ಗೆ ಕಾಫಿಯ ಜೊತೆ ಶುರುವಾದ ವಾದ ರಾತ್ರಿ ಪಾತ್ರೆ ತೊಳೆಯುವಾಗಲೂ ಮುಗಿಯುತ್ತಿರಲಿಲ್ಲ. ಕೊನೆಗೆ ಇಬ್ಬರಿಗೂ ಸಾಕುಸಾಕಾಗಿ, "ನಮ್ಮಮ್ಮ, ನಿಮ್ಮಮ್ಮ ಹೋಗಿ ತರಲಿ. ಅವರು ತಂದದ್ದೇ ಸರಿ" ಎಂದು ಕೈ ತೊಳೆದುಕೊಂಡರು.

ಮಗಳ ತಾಯಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು, ಬೀದಿಯ ಅರ್ಧ ಜನರ ಎದೆ ಸೊಂಟದ ಅಳತೆಯನ್ನು ಬಾಯಿಪಾಠ ಮಾಡಿಕೊಂಡಿದ್ದವಳು. ಎಲ್ಲರೂ ಅವಳನ್ನು ಕರೆಯುವುದು ದರ್ಜಿಯಮ್ಮ ಎಂದೇ. ಅಳಿಯನ ತಾಯಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರು ವಾರ್ಡಿನ ಬಾಗಿಲಿಗೆ ಬಂದು ನಿಂತರೆ ಡಾಕ್ಟರುಗಳೂ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದರಂತೆ.

ಈ ಬೀಗಿತ್ತಿಯನ್ನು ಕಂಡರೆ ದರ್ಜಿಯಮ್ಮನಿಗೆ ಒಳಗೊಳಗೇ ನಡುಕ. ಮದುವೆಗೆ ಅವರ ಬಟ್ಟೆ ಹೊಲಿದುಕೊಟ್ಟವಳು ಇವಳೇ. ಅಳತೆ ತೆಗೆಯುವಾಗ ಅವರ ಎಡ ಭುಜ ಬಲಕ್ಕಿಂತ ಅರ್ಧ ಇಂಚು ತಗ್ಗಿರುವುದು ಗೊತ್ತಾಗಿತ್ತು. ಹೇಳಲು ಧೈರ್ಯ ಸಾಲದೆ ಬಟ್ಟೆಯ ಒಳಗೆ ಒಂದು ತೆಳು ಪಟ್ಟಿ ಇಟ್ಟು ಸರಿಮಾಡಿದ್ದಳು. ಆಮೇಲೆ ವರ್ಷವಿಡೀ ಇಬ್ಬರ ನಡುವೆ ನಡೆದ ಮಾತು "ತಾವು ಆರೋಗ್ಯವೇ?" "ಹ್ಞೂಂ, ತಾವು?" ಎನ್ನುವಷ್ಟೇ.

ಆ ಶನಿವಾರ ಬೆಳಿಗ್ಗೆ ದರ್ಜಿಯಮ್ಮ ಮಗಳ ಮನೆಗೆ ಹೋಗಿ, ಸಬ್‌ವೂಫರ್ ಕೂರಿಸಲೆಂದು ಸೋಫಾದ ತುದಿಗೂ ಪುಸ್ತಕದ ಕಪಾಟಿಗೂ ನಡುವಿನ ಸಂದಿಯನ್ನು ಟೇಪಿನಿಂದ ಅಳೆದಳು. ಹದಿಮೂರು ಕಾಲು ಇಂಚು. ನಂಬಿಕೆ ಬರದೆ ಇನ್ನೊಮ್ಮೆ ಅಳೆದಳು. ಹದಿಮೂರು ಕಾಲೇ. ಮಗಳೂ ಅಳಿಯನೂ ಕೆಲಸಕ್ಕೆ ಹೊರಟು ನಿಂತಿದ್ದರು. "ಸಂಜೆ ಆರಕ್ಕೆ ಬರ್ತೀವಮ್ಮ. ಅತ್ತೆ ಹತ್ರ ಸ್ವಲ್ಪ ಮಾತಾಡು, ಕಚ್ಚಲ್ಲ ಅವರು" ಎಂದು ಮಗಳು ಬೀಗದಕೈ ಕೊಟ್ಟಳು.

ಅಂಗಡಿಯ ಬಾಗಿಲಲ್ಲಿ ಬೀಗಿತ್ತಿ ಆಗಲೇ ಕಾದಿದ್ದರು. ಕೈಗಡಿಯಾರ ನೋಡಿದರು. ದರ್ಜಿಯಮ್ಮ ಎರಡು ನಿಮಿಷ ತಡ.

ಅಂಗಡಿಯವನು ದುಂಡುಮುಖದ, ನಡುವಯಸ್ಸಿನ ಮನುಷ್ಯ. ಇಬ್ಬರು ಹಿರಿಯ ಹೆಂಗಸರು ಬಂದದ್ದನ್ನು ನೋಡಿ ರೇಡಿಯೋಗಳ ಕಡೆ ಕೈ ತೋರಿಸಿದ. 

"ರೇಡಿಯೋ ಅಲ್ಲ" ಅಂದರು ಬೀಗಿತ್ತಿ. "ಸಬ್‌ವೂಫರ್. ಚಿಕ್ಕದು. ಆದ್ರೆ ಎದೆ ನಡುಗಬೇಕು."

"ಹದಿಮೂರು ಕಾಲು ಇಂಚಿನೊಳಗೆ" ಎಂದು ಸೇರಿಸಿದಳು ದರ್ಜಿಯಮ್ಮ.

ಅಂಗಡಿಯವನ ಕಣ್ಣು ಅರಳಿತು. ಇಬ್ಬರನ್ನೂ ಒಳಗಿನ ಕೋಣೆಗೆ ಕರೆದೊಯ್ದ. ಗೋಡೆಗೆಲ್ಲ ಬೂದುಬಣ್ಣದ ದಪ್ಪ ಬಟ್ಟೆ, ಎದುರಿಗೆ ಪರದೆ, ಮೆತ್ತನೆಯ ಎರಡು ಕುರ್ಚಿ, ನೆಲದ ಮೇಲೆ ಸಾಲಾಗಿ ಕಪ್ಪು ಪೆಟ್ಟಿಗೆಗಳು. ದರ್ಜಿಯಮ್ಮ ಕೂರುವ ಮೊದಲೇ ಟೇಪು ಬಿಚ್ಚಿ ಒಂದೊಂದನ್ನೂ ಅಳೆಯತೊಡಗಿದಳು. ಉದ್ದ, ಅಗಲ, ಎತ್ತರ. ಹಿಂದುಗಡೆ ತಂತಿಯ ಪಿನ್ನು ಹೊರಚಾಚುವುದಕ್ಕೆ ಎರಡು ಇಂಚು ಬೇರೆ ಸೇರಿಸಿಕೊಂಡಳು.

"ಅಮ್ಮಾ, ಅದನ್ನ ಯಾರೂ ನೋಡಲ್ಲ. ಮನೆಗೆ ಹೋದ್ಮೇಲೆ ನನ್ನನ್ನ ಬೈತಾರೆ" ಎಂದ ಅಂಗಡಿಯವನು ಮೆಚ್ಚಿಕೆಯಿಂದ.

"ಹೊಲಿಗೆಗೆ ಅಂಚು ಬಿಡದೆ ಬಟ್ಟೆ ಕತ್ತರಿಸೋಕಾಗತ್ತಾ?" ಅಂದಳು ಅವಳು.

ಬೀಗಿತ್ತಿ ತಲೆ ಒಂಚೂರು ಆಡಿಸಿದ ಹಾಗೆ ಕಂಡಿತು.

ದೀಪ ಆರಿತು. ಪರದೆಯ ಮೇಲೆ ಒಂದು ರೈಲು ಸುರಂಗದೊಳಗೆ ನುಗ್ಗಿತು. ಮೊದಲು ಪಾದಕ್ಕೆ ಕಚಗುಳಿ ಇಟ್ಟಂತಾಯಿತು. ಅದು ಮೊಣಕಾಲಿಗೆ ಏರಿ, ಹೊಟ್ಟೆಯನ್ನು ಕಲಕಿ, ಎದೆಗೆ ಬಂದು ಗುದ್ದಿತು. ದರ್ಜಿಯಮ್ಮ "ಅಯ್ಯಯ್ಯೋ!" ಎಂದು ಕೂಗಿ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಿಕ್ಕಿದ್ದು ಬೀಗಿತ್ತಿಯ ಕೈ. ರೈಲು ಹೋಯಿತು. ದೀಪ ಬಂತು. ಇನ್ನೂ ಕೈ ಬಿಟ್ಟಿರಲಿಲ್ಲ. ಹೆದರುತ್ತ ಪಕ್ಕಕ್ಕೆ ತಿರುಗಿ ನೋಡಿದರೆ, ಬೀಗಿತ್ತಿಯ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಬಾಯಿ ತೆರೆದುಕೊಂಡಿತ್ತು.

"ಇನ್ನೊಂದ್ಸಲ" ಅಂದರು ಬೀಗಿತ್ತಿ.

ಇನ್ನೊಂದು ಸಲ ರೈಲು ಬಂತು. ಬೀಗಿತ್ತಿಯ ಗಂಟಲಿನಿಂದ "ಕಿಕ್" ಎಂಬ ಸದ್ದು ಹೊರಟಿತು. ಕೆಮ್ಮಿರಬೇಕೆಂದು ದರ್ಜಿಯಮ್ಮ ತಿಳಿದಳು. ಮತ್ತೆ "ಕಿಕ್". ಕೆಮ್ಮಲ್ಲ, ನಗು! ಆ ನಗು ಇವಳಿಗೂ ಅಂಟಿತು. ಇವಳು ನಕ್ಕದ್ದು ನೋಡಿ ಅವರು, ಅವರು ನಕ್ಕದ್ದು ನೋಡಿ ಇವಳು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಬೀಗಿತ್ತಿಗೆ ಬಿಕ್ಕಳಿಕೆ ಹತ್ತಿತು. ಅಂಗಡಿಯವನು ನೀರು ತರಲು ಓಡಿದ.

"ನಕ್ಕರೆ ನಂಗೆ... ಹಿಕ್... ಬಿಕ್ಕಳಿಕೆ ಬರತ್ತೆ. ಅದಕ್ಕೇ ಡ್ಯೂಟೀಲಿ... ಹಿಕ್... ನಗ್ತಾ ಇರ್ಲಿಲ್ಲ" ಎಂದರು ಬೀಗಿತ್ತಿ, ಕಣ್ಣೊರೆಸಿಕೊಳ್ಳುತ್ತ.

"ಮದುವೇಲೂ ನಗ್ಲಿಲ್ವಲ್ಲ ನೀವು!"

"ಮದುವೇಲಿ ಬಿಕ್ಕಳಿಸ್ತಾ ನಿಂತ್ರೆ ಅಳ್ತಿದಾಳೆ ಅಂದ್ಕೊಳಲ್ವಾ ಜನ? ಹಿಕ್!"

ನೀರು ಕುಡಿದ ಮೇಲೆ ಇಬ್ಬರೂ ಕೆಲಸಕ್ಕೆ ಇಳಿದರು. ಮೊದಲ ಪೆಟ್ಟಿಗೆಗೆ ಬೆನ್ನಲ್ಲಿ ಗಾಳಿ ಹೋಗುವ ತೂತಿತ್ತು. ಬೀಗಿತ್ತಿ ಅದರ ಮುಂದೆ ಮಂಡಿಯೂರಿ, ರೋಗಿಯ ಎದೆಯ ಮೇಲೆ ಇಡುವ ಹಾಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿದರು. "ಇದಕ್ಕೆ ಉಬ್ಬಸ" ಎಂದು ತೀರ್ಪು ಕೊಟ್ಟರು. "ಜೋರಾದಾಗ ಉಸ್ ಉಸ್ ಅಂತಿದೆ."

ಅಂಗಡಿಯವನು ತಾನೂ ಬಗ್ಗಿ ತೂತಿಗೆ ಕಿವಿಯಿಟ್ಟ. "ಹೌದಲ್ಲಮ್ಮ! ಸದ್ದು ಜಾಸ್ತಿಯಾದ್ರೆ ತೂತಲ್ಲಿ ಗಾಳಿ ಸಿಳ್ಳೆ ಹೊಡೀತದೆ. ಇಷ್ಟು ವರ್ಷದಲ್ಲಿ ಕಂಡುಹಿಡಿದ ಗಿರಾಕಿ ನೀವೇ."

ಎರಡನೆಯದು ದರ್ಜಿಯಮ್ಮನಿಗೆ ಹಿಡಿಸಲಿಲ್ಲ. "ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ. ಯಂತ್ರದಲ್ಲಿ ಬಾಬಿನ್ ಕುಣಿದ್ರೆ ಹೀಗೇ ಕಟಕಟ ಅನ್ನತ್ತೆ." ಅಂಗಡಿಯವನು ಮುಂದಿನ ಜಾಲರಿ ಒತ್ತಿ ಹಿಡಿದ. ಕಟಕಟ ನಿಂತಿತು. ಅವನು ಎರಡೂ ಕೈಯೆತ್ತಿ ಮುಗಿದ.

ಮೂರನೆಯದು ಎಲ್ಲಕ್ಕಿಂತ ಚಿಕ್ಕದು. ನಾಲ್ಕೂ ಕಡೆ ಹತ್ತೂವರೆ ಇಂಚು, ತೂತಿಲ್ಲ, ಜಾಲರಿ ಬಿಗಿ. "ಇದೇನು ಕರ್ಚೀಫಿನ ಡಬ್ಬಿ ಇದ್ದ ಹಾಗಿದೆ" ಎಂದು ದರ್ಜಿಯಮ್ಮ ಮೂಗು ಮುರಿದಳು. ರೈಲು ಬಂತು. ಈ ಸಲ ರೈಲಿನ ಒಂದೊಂದು ಗಾಲಿಯೂ ಬೇರೆಬೇರೆಯಾಗಿ ಹಳಿಯ ಮೇಲೆ ಉರುಳಿದ್ದು ಕೇಳಿಸಿತು. ಗುಡುಗಿತು, ಗುಡುಗಿ ಥಟ್ಟನೆ ನಿಂತಿತು, ಬಾಲ ಎಳೆಯಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದೇ ಸರಿ ಎಂದು ತಲೆಯಾಡಿಸಿದರು.

"ನಾಳಿದ್ದು ಮನೆಗೆ ಕಳಿಸ್ತೀನಿ" ಅಂದ ಅಂಗಡಿಯವನು.

"ನಾಳಿದ್ದಾ?" ಇಬ್ಬರೂ ಒಟ್ಟಿಗೇ ಕೂಗಿದರು. ಹತ್ತೇ ನಿಮಿಷದಲ್ಲಿ ಪೆಟ್ಟಿಗೆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂತಿತ್ತು. ಬೀಗಿತ್ತಿ ಅದಕ್ಕೆ ಬೆಲ್ಟು ಕಟ್ಟಿದ್ದರು. ಹೊರಡುವ ಮುಂಚೆ ಅಂಗಡಿಯವನು ಕಿಟಕಿಗೆ ಬಗ್ಗಿ, ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ಪತ್ತೆ ಹಚ್ಚುವ ಉಪಾಯವೊಂದನ್ನು ಹೇಳಿಕೊಟ್ಟ. ದರ್ಜಿಯಮ್ಮ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಬೀಗಿತ್ತಿ ಚೀಟಿಯಲ್ಲಿ ಬರೆದುಕೊಂಡರು.

ಮಗಳ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ. ಅಷ್ಟು ಚಿಕ್ಕ ಪೆಟ್ಟಿಗೆ ಹೆಣಭಾರ. ಇಬ್ಬರೂ ಎದುರುಬದುರು ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಹತ್ತತೊಡಗಿದರು.

"ಒಳಗೆ ಕಲ್ಲು ತುಂಬಿದಾರೇನ್ರೀ?"

"ಮಾತಾಡ್ಬೇಡಿ, ಉಸಿರು ಉಳಿಸ್ಕೊಳಿ. ನಿಮ್ಮ ಕಡೆ ಎತ್ತಿ!"

"ಎತ್ತಿದೀನ್ರೀ! ನಿಮ್ಮ ಎಡ ಭುಜಾನೇ ಅರ್ಧ ಇಂಚು ತಗ್ಗು!"

ದರ್ಜಿಯಮ್ಮನ ಬಾಯಿಂದ ಬಂದುಹೋಯಿತು. ಬೀಗಿತ್ತಿ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಅದಕ್ಕೇನಾ ಆ ಬಟ್ಟೆಯೊಳಗೆ ಪಟ್ಟಿ ಇಟ್ಟಿದ್ದು?"

"...ಹೌದು."

"ಮೂವತ್ತು ವರ್ಷ ರೋಗಿಗಳನ್ನ ಎತ್ತಿ ಎತ್ತಿ ಆಗಿದ್ದು. ಯಾವ ದರ್ಜೀನೂ ಕಂಡುಹಿಡಿದಿರ್ಲಿಲ್ಲ. ಬೇರೆ ಬಟ್ಟೆ ಎಲ್ಲಾ ಜೋತುಬೀಳತ್ತೆ, ಅದೊಂದೇ ನೆಟ್ಟಗೆ ಕೂರೋದು." ಪೆಟ್ಟಿಗೆಯ ಹಿಡಿತ ಸರಿಮಾಡಿಕೊಂಡು ಅಂದರು, "ಹೇಳೋದಲ್ವೇನೇ ಮಾರಾಯ್ತಿ! ಇನ್ನೂ ನಾಲ್ಕು ಹೊಲಿಸ್ಕೋತಿದ್ದೆ."

ದರ್ಜಿಯಮ್ಮನಿಗೆ ಪೆಟ್ಟಿಗೆ ಅರ್ಧದಷ್ಟು ಹಗುರಾಯಿತು. ಎರಡನೇ ಮಹಡಿಯಲ್ಲಿ ಇಬ್ಬರೂ ಅದರ ಮೇಲೆಯೇ ಬೆನ್ನಿಗೆ ಬೆನ್ನು ಕೊಟ್ಟು ಕೂತು ಸುಧಾರಿಸಿಕೊಂಡರು.

ಮನೆಯೊಳಗೆ ಬಂದು ಬೀಗಿತ್ತಿ ಚೀಟಿ ತೆಗೆದರು. ಉಪಾಯ ಇಷ್ಟೇ: ಪೆಟ್ಟಿಗೆಯನ್ನು ಮೊದಲು ಸೋಫಾದ ಮೇಲೆ, ಮನುಷ್ಯರು ಕೂರುವ ಜಾಗದಲ್ಲಿ ಇಡಬೇಕು. ಟಿವಿಯಲ್ಲಿ ತಗ್ಗು ದನಿಯ ವಾದ್ಯವೊಂದರ ಸಂಗೀತವನ್ನು ಬಿಡದೆ ಹಾಕಿಡಬೇಕು. ಆಮೇಲೆ ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯ ಉದ್ದಕ್ಕೂ ಕೇಳುತ್ತ ಹೋಗಬೇಕು. ಎಲ್ಲಿ ಎಲ್ಲಾ ಸ್ವರಗಳೂ ಸಮನಾಗಿ ಕೇಳುತ್ತವೋ ಅಲ್ಲಿ ಪೆಟ್ಟಿಗೆಯ ಜಾಗ.

"ಅಂಬೆಗಾಲು? ಈ ವಯಸ್ಸಲ್ಲಿ?" ಅಂದಳು ದರ್ಜಿಯಮ್ಮ.

ಬೀಗಿತ್ತಿ ಆಗಲೇ ಕೈಗಡಿಯಾರ ಬಿಚ್ಚಿಟ್ಟು ನೆಲಕ್ಕೆ ಇಳಿದಿದ್ದರು. "ನೀನು ಬಲಗಡೆಯಿಂದ ಹೊರಡು. ನಾನು ಎಡಗಡೆ."

ಅಳಿಯ ತಂತಿಯನ್ನು ಎಳೆದಿಟ್ಟು ಹೋಗಿದ್ದ. ಸಿಕ್ಕಿಸಿದ್ದಾಯಿತು. ಡುಂ, ಡುಂ, ಡೂಂ, ಡುಂ ಎಂದು ಸ್ವರಗಳು ಮೆಟ್ಟಿಲು ಹತ್ತಿ ಇಳಿಯತೊಡಗಿದವು. ದರ್ಜಿಯಮ್ಮ ತಲೆ ತಗ್ಗಿಸಿ ಹೊರಟಳು. ಹದಿಮೂರು ಕಾಲು ಇಂಚಿನ ಸಂದಿಗೆ ತಲೆ ತೂರಿಸಿದಾಗ ಒಂದು ಸ್ವರ ಮಾತ್ರ ಗೂಳಿಯ ಹಾಗೆ ಹೂಂಕರಿಸಿತು, ಉಳಿದವು ಎಲ್ಲಿ ಸತ್ತವೋ.

"ಇಲ್ಲಿ ಚೆನ್ನಾಗಿಲ್ಲ! ಕೊಡದೊಳಗೆ ಮುಖ ಇಟ್ಟ ಹಾಗಿದೆ!"

"ಅಳೆದು ಅಳೆದು ಇಟ್ಟೆಯಲ್ಲ!" ಕಿಟಕಿಯ ಕೆಳಗಿನಿಂದ ಉತ್ತರ ಬಂತು. "ಇಲ್ಲೂ ಏನೂ ಇಲ್ಲ, ನಾಡಿ ಸಿಗ್ತಿಲ್ಲ."

ಅಳತೆಯಲ್ಲಿ ಒಮ್ಮೆಯೂ ಸೋಲದವಳಿಗೆ ಬೇಜಾರಾಗಬೇಕಿತ್ತು. ಬದಲಿಗೆ ನಗು ಉಕ್ಕಿತು. ನಗುತ್ತಲೇ ಕುರ್ಚಿಗಳ ಕಾಲಿನ ನಡುವೆ ನುಸುಳಿ ಊಟದ ಮೇಜಿನ ಕೆಳಗೆ ಬಂದಳು. ಎದುರಿನಿಂದ ಬೀಗಿತ್ತಿಯೂ ನುಸುಳಿ ಬಂದರು. ಹಣೆಗೆ ಹಣೆ ಢೀ ಎಂದಿತು. ಇಬ್ಬರೂ ಅಲ್ಲೇ ಕುಸಿದು ಕೂತು ಹಣೆ ತಿಕ್ಕಿಕೊಂಡು ನಗುವುದಕ್ಕೆ ಶುರುಮಾಡಿದರು. ಬೀಗಿತ್ತಿಯ ಬಿಕ್ಕಳಿಕೆ ಸ್ವರಗಳ ತಾಳಕ್ಕೇ ಬಿದ್ದು, ಡುಂ, ಹಿಕ್, ಡುಂ, ಹಿಕ್ ಎಂದು ಸಾಗಿತು.

ದಿನ ಕಂತುವ ಹೊತ್ತಿಗೆ, ಅಡಿಗೆಮನೆಯ ಬಾಗಿಲ ಪಕ್ಕದ ಪುಟ್ಟ ಮೇಜಿನ ಕೆಳಗೆ ದರ್ಜಿಯಮ್ಮ ಗಕ್ಕನೆ ನಿಂತಳು. ಒಂದೊಂದು ಸ್ವರವೂ ಒಂದೇ ತೂಕ. ಒಂದೇ ಅಳತೆಯ ಹೊಲಿಗೆ ಸಾಲಾಗಿ ಬಿದ್ದ ಹಾಗೆ.

"ಬನ್ರೀ, ಬನ್ರೀ! ಇಲ್ಲಿದೆ!"

ಬೀಗಿತ್ತಿ ಆ ವಯಸ್ಸಿನವರು ಹೋಗಬಾರದ ವೇಗದಲ್ಲಿ ಅಂಬೆಗಾಲಿಕ್ಕಿಕೊಂಡು ಬಂದು ಅವಳ ಪಕ್ಕ ತಲೆ ತೂರಿಸಿದರು. ಅದೇ ಹೊತ್ತಿಗೆ ಬಾಗಿಲು ತೆರೆಯಿತು.

ಮಗಳೂ ಅಳಿಯನೂ ಕಂಡದ್ದು, ಪುಟ್ಟ ಮೇಜಿನ ಕೆಳಗಿನಿಂದ ಹೊರಗೆ ಉಳಿದಿದ್ದ ಎರಡು ಬೆನ್ನು, ನಾಲ್ಕು ಪಾದ.

"ಅಮ್ಮಾ! ಬಿದ್ದುಬಿಟ್ಟೆಯಾ?" ಅಳಿಯ ಚೀಲ ಎಸೆದು ಓಡಿಬಂದ.

"ಏನು ಕಳೆದುಹೋಯ್ತು?" ಎಂದಳು ಮಗಳು.

"ಗಲಾಟೆ ಮಾಡ್ಬೇಡಿ!" ಮೇಜಿನ ಕೆಳಗಿನಿಂದ ಹೆಡ್ ನರ್ಸಿನ ದನಿ ಬಂತು. "ಚಪ್ಪಲಿ ಬಿಡಿ. ಬಗ್ಗಿ. ಇಬ್ಬರೂ ಬಗ್ಗಿ ಕೇಳಿ."

ಅವರು ಕಕ್ಕಾಬಿಕ್ಕಿಯಾಗಿ ಬಗ್ಗಿದರು. ಕೇಳಿದರು. ಅಳಿಯನ ಮುಖ ನಿಧಾನವಾಗಿ ಅರಳಿತು. "ಯಾವುದರಿಂದ ಬರ್ತಿದೆ ಇದು?" ಎಂದು ಸುತ್ತ ನೋಡಿ, ಸೋಫಾದ ಮೇಲೆ ದಿಂಬುಗಳ ನಡುವೆ ಕೂತಿದ್ದ ಹತ್ತೂವರೆ ಇಂಚಿನ ಪೆಟ್ಟಿಗೆಯನ್ನು ಕಂಡು, "ಅದಾ?!" ಎಂದ. ಗಂಡಹೆಂಡತಿ ಸೇರಿ ಅದನ್ನು ಎತ್ತಿ ಪುಟ್ಟ ಮೇಜಿನ ಕೆಳಗೆ ಇಟ್ಟ ಮೇಲೆ, ಮಗಳು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಳು. ಕಾಣಲಿಲ್ಲ. ನಾಲ್ಕು ವಾರದ ಜಗಳ ಅಲ್ಲಿಗೆ ಮುಗಿಯಿತು.

ಮೊದಲ ಸಿನಿಮಾ ಯಾವುದೆಂದು ಆರಿಸುವ ಸರದಿ ಮಗಳದಾಗಿತ್ತು. ನಾಲ್ವರೂ ಸೋಫಾದಲ್ಲಿ ಒತ್ತಿಕೊಂಡು ಕೂತರು. ಇಬ್ಬರು ಮುದುಕರು ಜಗುಲಿಯಲ್ಲಿ ಕೂತು ಮಾತಾಡುವ ಕಥೆ ಅದು. ಅರ್ಧ ಗಂಟೆಯಾಯಿತು, ಮಾತೇ ಮಾತು. ಒಂದು ಗಂಟೆಯಾಯಿತು, ಒಬ್ಬ ಕೆಮ್ಮಿದ. ಪೆಟ್ಟಿಗೆ ಹೂಂ ಎನ್ನಲಿಲ್ಲ, ಹಾಂ ಎನ್ನಲಿಲ್ಲ.

"ಒಂದು ಮೋಡಾನಾದ್ರೂ ಬರಬಾರದಾ?" ಎಂದು ದರ್ಜಿಯಮ್ಮ ಪಿಸುಗುಟ್ಟಿದಳು.

"ಇಬ್ಬರಲ್ಲಿ ಒಬ್ಬನಾದ್ರೂ ದೊಪ್ಪಂತ ಬೀಳ್ಲಿ" ಎಂದರು ಬೀಗಿತ್ತಿ.

ಮಗಳು "ಶ್!" ಅಂದಳು. ಅಳಿಯ ಬಾಯಿಗೆ ದಿಂಬು ಒತ್ತಿಕೊಂಡಿದ್ದ. ಸಿನಿಮಾ ಮುಗಿಯುತ್ತ ಬಂತು. ಒಬ್ಬ ಮುದುಕ ಎದ್ದ, ಟೋಪಿ ಹಾಕಿಕೊಂಡ, ಏನೂ ಹೇಳದೆ ಒಳಗೆ ಹೋಗಿ ಮರದ ದಪ್ಪ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡ.

ಧಡ್!

ಸೋಫಾ ನಡುಗಿತು. ಕಪಾಟಿನ ಗಾಜು ಝಣ್ ಎಂದಿತು. ನಾಲ್ವರೂ ಒಟ್ಟಿಗೆ ಮೇಲೆದ್ದು, ಗೆದ್ದವರ ಹಾಗೆ ಕೈಯೆತ್ತಿ ಕಿರುಚಿದರು. ಅಳಿಯ ರಿಮೋಟಿಗೆ ಕೈ ಹಾಕುವಷ್ಟರಲ್ಲಿ ದರ್ಜಿಯಮ್ಮ ಅದನ್ನು ಕಸಿದುಕೊಂಡಾಗಿತ್ತು. ಮುದುಕ ಹಿಂದುಹಿಂದಕ್ಕೆ ನಡೆದು ಬಂದು ಕುರ್ಚಿಯಲ್ಲಿ ಕೂತ, ಮತ್ತೆ ಎದ್ದ, ಮತ್ತೆ ಟೋಪಿ ಹಾಕಿಕೊಂಡ. ಆ ಸಂಜೆ ಅವನು ಏಳು ಸಲ ಬಾಗಿಲು ಹಾಕಿದ.